ಪೇಟಿಯ ಮೇಲೆ ನನ್ನ ಕೈಯ ಗುರುತು

ದೇಶಕಾರ ರಾಗ ನಡೆದಿತ್ತು. ಧಾರವಾಡದಲ್ಲಿ ಒಂದು ಬೆಳಗಿನ ಬೈಠಕ್. ಜಮಖಾನೆ ಮೇಲೆ ಎಂಬತ್ತು ಜನ ಕೂತಿದ್ದಿರಬಹುದು, ಹೊರಗೆ ಜಿಟಿಜಿಟಿ ಮಳೆ. ಹಾಡುವವರ ಜೊತೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಸಾಥ್‌ಗೆ ನಾನು ಇದ್ದೆ. ಹಾಡುವವರು ಒಂದು ಆಲಾಪದ ಸಾಲು ಮುಗಿಸಿ ಉಸಿರು ತಗೊಂಡರು. ಆ ಖಾಲಿ ಜಾಗ ಪೇಟಿಯವನದು. ಅಲ್ಲಿ ನಾನು ನುಡಿಸಿದ್ದು ಇಷ್ಟು: ಪ ಧ ಪ ಗ, ಗ ರಿ, ಸ. ಗಾಂಧಾರದ ಮೇಲೆ ಒಂದು ಕ್ಷಣ ನಿಂತು, ರಿಷಭ ಮುಟ್ಟಿ, ಷಡ್ಜಕ್ಕೆ ಇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ನುಡಿಸಿದೆ. ಮೂರನೇ ಸಲ ನುಡಿಸಲು ಹೋದಾಗ ಅವರು ನನ್ನ ಕಡೆ ನೋಡಲೂ ಇಲ್ಲ. ಎಡಗೈ ಸ್ವಲ್ಪ ಎತ್ತಿ ಅಂಗೈ ನನ್ನ ಕಡೆ ತಿರುಗಿಸಿದರು, ಅಷ್ಟೇ.

ಆಮೇಲೆ ಚಹಾ ಕುಡಿಯುವಾಗ ಅವರೇ ಹತ್ತಿರ ಬಂದರು. ಬೈಯಲಿಲ್ಲ. "ನಿಮ್ಮ ಪೇಟಿ ಚಂದ ಅದರಿ. ಆದ್ರ ನಾ ದೇಶಕಾರ ಕಟ್ಟತೀನಿ, ನೀವು ಅದನ್ನ ಕೆಡವಿ ಭೂಪ ಕಟ್ಟತೀರಿ" ಅಂದರು.

ಸಂಗೀತ ಕಲಿಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭೂಪಕ್ಕೂ ದೇಶಕಾರಕ್ಕೂ ಇರುವುದು ಅವೇ ಐದು ಸ್ವರ: ಸ ರಿ ಗ ಪ ಧ. ಭೂಪ ಸಂಜೆಯ ರಾಗ. ಅದರ ಜೀವ ಗಾಂಧಾರದಲ್ಲಿದೆ. ದೇಶಕಾರ ಬೆಳಗಿನದು. ಅದು ಧೈವತದ ಸುತ್ತ ಆಡುತ್ತದೆ, ಮೇಲಿನ ಕಡೆಗೇ ಎಳೆಯುತ್ತದೆ. ರಿಷಭದ ಮೇಲೆ ಅಲ್ಲಿ ಯಾರೂ ಕೂಡುವುದಿಲ್ಲ, ಸುಮ್ನೆ ದಾಟಿ ಹೋಗುತ್ತಾರೆ. ಎಲ್ಲಿ ನಿಲ್ಲುತ್ತೇವೆ ಅನ್ನುವುದರ ಮೇಲೆಯೇ ಈ ಎರಡು ರಾಗ ಬೇರೆಯಾಗುತ್ತವೆ. ನಾನು ಗಾಂಧಾರದ ಮೇಲೆ ನಿಂತಾಗಲೆಲ್ಲ ಅವರು ಅರ್ಧ ತಾಸು ಕಷ್ಟಪಟ್ಟು ತಂದ ಬೆಳಗನ್ನು ಸಂಜೆ ಮಾಡುತ್ತಿದ್ದೆ.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ಕಾರಣಕ್ಕೆ. ಆ ಸಾಲು ನನ್ನ ಗುರುತಾಗಿತ್ತು. ಹುಬ್ಬಳ್ಳಿಯಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು "ಆ ಜಾಗಾ ಬಂತಂದ್ರ ಸಾಕು, ಇದು ನಿಮ್ಮ ಪೇಟಿ ಅಂತ ಕಣ್ಣು ಮುಚ್ಚಿ ಹೇಳ್ತೀವಿ" ಅನ್ನುತ್ತಿದ್ದರು. ಅಂಥ ಮಾತು ಕೇಳಿದರೆ ಯಾರಿಗೆ ಖುಷಿ ಆಗುವುದಿಲ್ಲ? ಇಪ್ಪತ್ತು ವರ್ಷ ನುಡಿಸಿದ ಮೇಲೆ ನನ್ನದು ಅನ್ನುವಂಥ ಒಂದು ವಸ್ತು ನನ್ನ ಹತ್ತಿರ ಇದೆ ಅಂದುಕೊಂಡಿದ್ದೆ. ಅದನ್ನೇ ಒಬ್ಬರು ಅಂಗೈ ಅಡ್ಡ ಹಿಡಿದು ನಿಲ್ಲಿಸಿದ್ದರು.

ಆ ವಾರ ನನ್ನ ಹಳೆಯ ಧ್ವನಿಮುದ್ರಣಗಳನ್ನು ತೆಗೆದು ಕೂತೆ. ಫೋನಿನಲ್ಲಿ ಒಂದಿಷ್ಟು ಇದ್ದವು, ಗೆಳೆಯರು ಕೊಟ್ಟವು ಒಂದಿಷ್ಟು. ಬೇರೆ ಬೇರೆ ಗಾಯಕರಿಗೆ ಸಾಥ್ ಮಾಡಿದ ಹನ್ನೊಂದು ಕಾರ್ಯಕ್ರಮ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನೋಟ್‌ಬುಕ್ಕಿನಲ್ಲಿ ರಾಗದ ಹೆಸರು ಬರೆದು, ಆ ಸಾಲು ಬಂದಾಗಲೆಲ್ಲ ಒಂದು ಗೀಟು ಎಳೆದೆ. ಬಾಗೇಶ್ರೀಯಲ್ಲಿ ಅದು ಕೋಮಲ ಗಾಂಧಾರದ ವೇಷ ಹಾಕಿತ್ತು. ಯಮನ್‌ನಲ್ಲಿ ತೀವ್ರ ಮಧ್ಯಮ ಸೇರಿಸಿಕೊಂಡಿತ್ತು. ಸ್ವರ ರಾಗಕ್ಕೆ ತಕ್ಕಂತೆ ಬದಲಾಗಿದ್ದವು, ನಡೆ ಮಾತ್ರ ಅದೇ: ಸ್ವಲ್ಪ ಏರು, ಗಾಂಧಾರದ ಮೇಲೆ ನಿಲ್ಲು, ಇಳಿ. ಮಾರ್ವಾದಲ್ಲೂ ಹಾಗೇ ನಿಂತಿದ್ದೆ. ಮಾರ್ವಾದಲ್ಲಿ ಕೋಮಲ ರಿಷಭ, ಧೈವತಗಳೇ ಮನೆಯ ಯಜಮಾನರು. ಗಾಂಧಾರದ ಮೇಲೆ ಜಾಸ್ತಿ ನಿಂತರೆ ಪೂರಿಯಾ ರಾಗದ ನೆರಳು ಬೀಳುತ್ತದೆ. ಆ ಗಾಯಕರು ಏನೂ ಅಂದಿರಲಿಲ್ಲ. ಆದರೆ ಧ್ವನಿಮುದ್ರಣದಲ್ಲಿ ಕೇಳಿದರೆ ಗೊತ್ತಾಗುತ್ತದೆ, ನನ್ನ ಸಾಲು ಮುಗಿದ ಮೇಲೆ ಪ್ರತಿ ಸಲ ಅವರು ರಿಷಭ ಹಿಡಿದು ರಾಗವನ್ನು ಮತ್ತೆ ದಾರಿಗೆ ತಂದಿದ್ದಾರೆ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಸಾಲು ಎಲ್ಲಿಂದ ಬಂತು ಅಂತ ನೆನಪು ಮಾಡಿಕೊಂಡೆ. ನಾನು ಬೆಟಗೇರಿಯವನು. ನನ್ನ ಸೋದರಮಾವ ನಾಟಕ ಕಂಪನಿಯಲ್ಲಿ ಕಾಲುಪೇಟಿ ನುಡಿಸುತ್ತಿದ್ದ. ಎಂಟನೇ ವಯಸ್ಸಿನಲ್ಲಿ ಅವನ ಪಕ್ಕ ಕೂತು ಕಲಿತವನು ನಾನು. ನಾಟಕದಲ್ಲಿ ಪೇಟಿ ಮಾಸ್ತರನ ಕೆಲಸ ಬೇರೆ. ಸಾವಿರ ಜನರ ಗದ್ದಲದಲ್ಲಿ ಹಾಡು ಮುಗಿಯಿತು, ಮಾತು ಶುರುವಾಗುತ್ತದೆ ಅಂತ ನಟನಿಗೆ ಸನ್ನೆ ಕೊಡಬೇಕು. ಅದಕ್ಕೆ ಮಾವನ ಹತ್ತಿರ ಒಂದು ಸಾಲು ಇತ್ತು. ಏರಿ, ನಿಂತು, ಇಳಿಯುವ ಸಾಲು. ಅದು ಅಲ್ಲಿ ಎಷ್ಟು ಸರಿಯಾಗಿ ಕೂಡುತ್ತಿತ್ತು ಅಂದರೆ, ನಾನು ಇವತ್ತಿಗೂ ಅದನ್ನು ಕೆಟ್ಟದ್ದು ಅನ್ನುವುದಿಲ್ಲ. ಅದನ್ನೇ ಹಿಂದೂಸ್ತಾನಿ ಖ್ಯಾಲ್ ಗಾಯನದ ಬೈಠಕ್ಕಿಗೆ ಹೊತ್ತು ತಂದು, ಇಪ್ಪತ್ತು ವರ್ಷ ಅದರ ಕಡೆ ತಿರುಗಿ ನೋಡದೇ ಇದ್ದವನು ನಾನು.

ಒಬ್ಬ ಕಲಾವಿದನಿಗೆ ಒಂದೇ ಛಾಪು ಇರುವುದು ಬಲವೋ ಮಿತಿಯೋ ಅನ್ನುವ ಮಾತು ನಮ್ಮ ಕಡೆ ಕಟ್ಟೆ ಮೇಲೂ ನಡೆಯುತ್ತದೆ. ಧಾರವಾಡದಲ್ಲಿ ಇಬ್ಬರು ರಸಿಕರು ಸೇರಿದರೆ ಭೀಮಸೇನ ಜೋಶಿಯವರ ಮಾತು ಬಂದೇ ಬರುತ್ತದೆ. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದವರು, ನಮ್ಮ ಕಡೆಯವರು. ಅವರು ಕೆಲವೇ ರಾಗ ಮತ್ತೆ ಮತ್ತೆ ಹಾಡಿದರು ಅನ್ನುವ ದೂರು ಹಳೆಯದು. ಶುದ್ಧ ಕಲ್ಯಾಣ, ಮುಲ್ತಾನಿ, ಪೂರಿಯಾ, ಮಿಯಾ ಕಿ ತೋಡಿ, ದರ್ಬಾರಿ. ಇನ್ನೊಂದು ಕಡೆ ಮಲ್ಲಿಕಾರ್ಜುನ ಮನ್ಸೂರರು. ಅವರ ಹತ್ತಿರ ಶುದ್ಧ ನಟ್, ಖಟ್, ಬಹಾದುರಿ ತೋಡಿ, ಏಕ್ ನಿಷಾದ್ ಬಿಹಾಗಡಾದಂಥ ಅಪರೂಪದ ರಾಗಗಳ ದೊಡ್ಡ ಕಣಜವೇ ಇತ್ತು. ಕಟ್ಟೆ ಮೇಲಿನ ಲೆಕ್ಕದಲ್ಲಿ ಒಬ್ಬರು ಗಟ್ಟಿ ಛಾಪಿನವರು, ಒಬ್ಬರು ವಿಸ್ತಾರದವರು.

ನಾನೂ ಹಾಗೇ ಅಂದುಕೊಂಡಿದ್ದೆ. ಗೀಟು ಎಳೆಯುವ ಅಭ್ಯಾಸ ಬಿದ್ದ ಮೇಲೆ ಇಬ್ಬರ ಧ್ವನಿಮುದ್ರಣಗಳನ್ನೂ ಅದೇ ನೋಟ್‌ಬುಕ್ ಇಟ್ಟುಕೊಂಡು ಕೇಳಿದೆ. ಮನ್ಸೂರರು ಮೊದಲು ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಘರಾಣೆಯ (ಗುರುಪರಂಪರೆಯ) ಹಾಡುವ ಶೈಲಿ ಕಲಿತರು. ಆಮೇಲೆ ಮಂಜೀಖಾನರ ಹತ್ತಿರ ಜೈಪುರ-ಅತ್ರೌಲಿ ಘರಾಣೆಯದು. 1937ರಲ್ಲಿ ಮಂಜೀಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿಖಾನರ ಹತ್ತಿರ. ಇಷ್ಟೆಲ್ಲ ಕಲಿತವರ ಯಾವ ರಾಗ ಹಾಕಿದರೂ, ಅದರ ಹೆಸರು ನಮಗೆ ಗೊತ್ತಿಲ್ಲದಿದ್ದರೂ, ಹಾಡುವವರು ಮನ್ಸೂರರು ಅಂತ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಲಯವನ್ನು ಬಿಡದೆ ಒಂದರಿಂದ ಒಂದು ಹೆಣೆದುಕೊಂಡು ಹೋಗುವ ಆ ಸಾಲುಗಳು, ನಿಲ್ಲಲು ಪುರುಸೊತ್ತೇ ಇಲ್ಲದ ಆ ನಡೆ. ಭೀಮಸೇನರನ್ನು ಕೇಳಿದರೆ ಇನ್ನೊಂದು ಬಗೆ. ಒಂದೇ ಶುದ್ಧ ಕಲ್ಯಾಣದ ಬೇರೆ ಬೇರೆ ಕಾಲದ ಧ್ವನಿಮುದ್ರಣ ತಗೊಂಡು ಕೂತರೆ ನನ್ನ ಗೀಟು ಹಾಕುವ ಕೆಲಸ ಸಾಗಲೇ ಇಲ್ಲ. ದನಿ ಅದೇ, ಉಸಿರು ಅದೇ, ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಅದೇ. ಮುಂದೆ ಹೋಗುವ ದಾರಿ ಮಾತ್ರ ಪ್ರತಿ ಸಲ ಬೇರೆ. ಇಬ್ಬರದ್ದೂ ಒಂದೇ ಕತೆ ಅಲ್ವಾ ಅನ್ನಿಸಿತು. ಗುರುತು ಇಬ್ಬರಿಗೂ ಇದೆ. ಆದರೆ ಆ ಗುರುತು ಕತ್ತರಿಸಿ ತೆಗೆದು ಇನ್ನೊಂದು ಕಡೆ ಅಂಟಿಸುವಂಥ ಸಾಲು ಅಲ್ಲ.

ಗಂಗೂಬಾಯಿ ಹಾನಗಲ್ ಅವರನ್ನು ಇಲ್ಲಿ ನೆನೆಯಲೇಬೇಕು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಅವರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ಸಣ್ಣ, ಏರು. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆ ಆದ ಮೇಲೆ ದನಿ ಪೂರಾ ಬದಲಾಯಿತು, ಗಂಡಸರ ದನಿಯಂತೆ ದಪ್ಪವಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೋ ಏನೋ. ಅವರು ಆ ದನಿಯನ್ನೇ ಹಿಡಿದು, ಒಂದೊಂದು ಸ್ವರವನ್ನು ನಿಧಾನಕ್ಕೆ ತೂಗಿ ಇಡುವ ತಮ್ಮ ಹಾಡುವ ಶೈಲಿ ಕಟ್ಟಿದರು. ಅವರ ಛಾಪನ್ನು ಅವರು ಆರಿಸಿಕೊಂಡಿದ್ದಲ್ಲ, ಮೈಮೇಲೆ ಬಂದದ್ದು. ಈ ಮಾತು ನನ್ನ ಪೇಟಿಯ ವಿಷಯಕ್ಕೆ ಹೇಗೆ ಬರುತ್ತದೆ ಅಂತ ಆಗ ನನಗೆ ಹೊಳೆದಿರಲಿಲ್ಲ.

ಸರಿ, ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಆ ಸಾಲನ್ನು ಪೂರ್ತಿ ನಿಲ್ಲಿಸಿದೆ. ನಿಲ್ಲಿಸಿದೆ ಅನ್ನುವುದು ಸುಲಭ. ಕೈ ಕೇಳುವುದಿಲ್ಲ. ಗಾಯಕರು ಉಸಿರು ತಗೊಂಡ ಕೂಡಲೇ ಬೆರಳು ತಾನೇ ಆ ಕಡೆ ಓಡುತ್ತದೆ. ಅದಕ್ಕೆ ಆ ದಿನದ ಪಟ್ಟಿಗೆ, ಅಂದರೆ ಗಾಯಕರ ಶ್ರುತಿಗೆ, ಗಾಂಧಾರ ಪೇಟಿಯ ಯಾವ ಮನೆಗೆ (ಕೀಲಿಗೆ) ಬರುತ್ತದೋ ಆ ಮನೆಯ ಮೇಲೆ ಸಣ್ಣ ಕಾಗದದ ಚುಕ್ಕೆ ಅಂಟಿಸುತ್ತಿದ್ದೆ. ಬೆರಳಿಗೆ ಕಾಗದ ತಾಗಿದರೆ ಎಚ್ಚರ ಆಗಬೇಕು, ಅಷ್ಟೇ. ಖಾಲಿ ಜಾಗದಲ್ಲಿ ಏನು ನುಡಿಸಬೇಕು? ಗಾಯಕರು ಕೊನೆಗೆ ಬಿಟ್ಟ ಸ್ವರವನ್ನೇ ಹಿಡಿದು ಕೂಡುತ್ತಿದ್ದೆ. ಏನೂ ಹೊಳೆಯದಿದ್ದರೆ ಬರೀ ಷಡ್ಜ. ಮೊದಲ ಕೆಲವು ಕಾರ್ಯಕ್ರಮಗಳಲ್ಲಿ ನಾನು ಬತ್ತಲೆ ಕೂತ ಹಾಗೆ ಅನ್ನಿಸುತ್ತಿತ್ತು. ಆದರೆ ಗಾಯಕರಿಗೆ ಇದು ಹಿಡಿಸಿತು. ಖಾಲಿ ಜಾಗ ಖಾಲಿ ಇದ್ದರೆ ತಂಬೂರಿ ಕೇಳುತ್ತದೆ. ತಂಬೂರಿ ಕೇಳಿದರೆ ಮುಂದಿನ ಸಾಲು ಅವರಿಗೆ ತಾನಾಗಿ ಸಿಗುತ್ತದೆ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಗದಗಿನಲ್ಲಿ ಒಂದು ಕಾರ್ಯಕ್ರಮ. ವೀರೇಶ್ವರ ಪುಣ್ಯಾಶ್ರಮದಿಂದಾಗಿ ಗದಗಿನಲ್ಲಿ ಕೇಳುವ ಜನ ಬೇರೆಯೇ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅಲ್ಲಿ ಸಂಗೀತ ಕಲಿಸಿದರು. ಸ್ವತಃ ಇಬ್ಬರಿಗೂ ಕಣ್ಣು ಇರಲಿಲ್ಲ. ಪುಟ್ಟರಾಜ ಗವಾಯಿಗಳು ಪೇಟಿಯನ್ನೂ ನುಡಿಸುತ್ತಿದ್ದರು, ತಬಲಾ, ವಾಯಲಿನ್, ಸಾರಂಗಿಯನ್ನೂ. ಅಂಥ ಊರಿನಲ್ಲಿ ನುಡಿಸುವಾಗ ಮೈಯೆಲ್ಲ ಕಿವಿ ಮಾಡಿಕೊಂಡು ಕೂತವರು ಸಭೆಯಲ್ಲಿ ಇದ್ದೇ ಇರುತ್ತಾರೆ ಅನ್ನುವ ಭಯ ನನಗೆ ಚಿಕ್ಕಂದಿನಿಂದಲೂ ಇದೆ.

ಆವತ್ತು ಕಾರ್ಯಕ್ರಮಕ್ಕೆ ಹೆಸರು ಬೇರೆ ಪೇಟಿಯವರದಿತ್ತು. ಅವರಿಗೆ ಹುಷಾರಿಲ್ಲ ಅಂತ ಕೊನೆ ಗಳಿಗೆಯಲ್ಲಿ ನನ್ನನ್ನು ಕರೆದರು. ಯಾರೂ ನನ್ನ ಹೆಸರು ಹೇಳಿರಲಿಲ್ಲ. ಮುಗಿದ ಮೇಲೆ ವಯಸ್ಸಾದ ಒಬ್ಬರು, ಕಣ್ಣು ಕಾಣದವರು, ಹುಡುಗನ ಹೆಗಲು ಹಿಡಿದು ಬಂದು ನನ್ನ ಹೆಸರನ್ನೇ ಹಿಡಿದು ಮಾತಾಡಿಸಿದರು. ಹೇಗೆ ಗೊತ್ತಾಯಿತು ಅಂತ ಕೇಳಿದೆ. ನನ್ನ ಸಾಲನ್ನು ನಾನು ಒಂದು ಸಲವೂ ನುಡಿಸಿರಲಿಲ್ಲ.

"ನೀವು ಗಾಳಿ ಬಿಡೋದು ಗೊತ್ತಾಗ್ತದಲ್ರಿ" ಅಂದರು. "ಸ್ವರ ಮುಗಸೋ ಮೊದಲ ಗಾಳಿ ಸಣ್ಣ ಮಾಡ್ತೀರಿ. ಉಳಿದವರು ಮನಿ ಬಿಟ್ಟು ಸ್ವರ ಕಡೀತಾರ. ನಿಮ್ಮದು ಆರಿಹೋಗ್ತದ."

ಮನೆಗೆ ಬಂದು ಪೇಟಿ ಮುಂದೆ ಕೂತು ನನ್ನ ಎಡಗೈಯನ್ನು ನೋಡಿದೆ. ಅವರು ಹೇಳಿದ್ದು ನಿಜ. ಬಲಗೈ ಬಗ್ಗೆ ಇಷ್ಟು ವರ್ಷ ಯೋಚನೆ ಮಾಡಿದವನು ತಿದಿ ಎಳೆಯುವ ಕೈಯ ಕಡೆ ನೋಡಿಯೇ ಇರಲಿಲ್ಲ. ಅದು ಯಾಕೆ ಹಾಗೆ ಮಾಡುತ್ತದೆ ಅಂತ ಹುಡುಕಿದಾಗ ಮತ್ತೆ ಗಾಂಧಾರಕ್ಕೇ ಬಂದು ನಿಂತೆ.

ಪೇಟಿಗೆ ಒಂದು ಹುಟ್ಟು ಕೊರತೆ ಇದೆ. ಅದರ ಹನ್ನೆರಡು ಮನೆಗಳನ್ನು ಸಮ ಅಂತರದಲ್ಲಿ ಕೂರಿಸಿರುತ್ತಾರೆ, ಯಾವ ಪಟ್ಟಿಯಲ್ಲಾದರೂ ನುಡಿಸಲು ಬರಲಿ ಅಂತ. ಆದರೆ ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿಯನ್ನು ಮೀಟಿ ಕಿವಿಗೊಟ್ಟರೆ ತಾನಾಗಿ ಒಂದು ಗಾಂಧಾರ ಹೊಮ್ಮುತ್ತದೆ. ಪೇಟಿಯ ಗಾಂಧಾರ ಅದಕ್ಕಿಂತ ಸ್ವಲ್ಪ ಏರಿರುತ್ತದೆ. ಒಂದು ಸಪ್ತಕವನ್ನು 1200 ಸೆಂಟ್ಸ್ ಅಂತ ಹಿಡಿದರೆ ಸುಮಾರು 14 ಸೆಂಟ್ಸ್‌ನಷ್ಟು. ಕೇಳಲು ಚಿಕ್ಕದು, ಆದರೆ ತಂಬೂರಿ ಜೊತೆ ಕಿವಿಗೆ ಚುಚ್ಚುತ್ತದೆ. ಒಬ್ಬರ ಪಟ್ಟಿಗೇ ಅಂತ ರೀಡು ಕೆರೆದು ಸರಿಮಾಡಿಸಬಹುದು, ನನ್ನ ಒಂದು ಪೇಟಿ ಹಾಗೇ ಇದೆ. ಆದರೆ ಸಾಥ್ ಮಾಡುವವನಿಗೆ ಗಾಯಕರ ಷಡ್ಜ ಇವತ್ತು ಕಪ್ಪು ಒಂದನೇ ಮನೆ, ನಾಳೆ ಕಪ್ಪು ನಾಲ್ಕು, ನಾಡಿದ್ದು ಬಿಳಿ ಐದು. ಎಷ್ಟು ಪೇಟಿ ಇಟ್ಟುಕೊಳ್ಳುವುದು? ಮೇಲಾಗಿ ಪೇಟಿಗೆ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ. ದರ್ಬಾರಿಯ ಗಾಂಧಾರ ತೂಗಬೇಕು, ಪೇಟಿಯಲ್ಲಿ ಅದು ಕಲ್ಲಿನಂತೆ ಕೂತಿರುತ್ತದೆ. ಈ ಕೊರತೆಗಳಿಂದಾಗಿಯೇ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಮೂವತ್ತು ವರ್ಷ ದಾಟಿದ ಮೇಲೆ, 1970ರ ದಶಕದ ಆರಂಭದಲ್ಲಿ, ನಿಧಾನಕ್ಕೆ ಮತ್ತೆ ಒಳಗೆ ಬಿಟ್ಟರು.

ನನಗೆ ಕಲಿಸಿದ ಗುರುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. "ಗಾಂಧಾರದ ಮ್ಯಾಲೆ ಗಾಳಿ ಕಡಿಮಿ ಮಾಡು, ತಂಬೂರಿಗೆ ಜಗಳಾ ಆಗಬಾರದು" ಅಂತ ಅವರು ಚಿಕ್ಕಂದಿನಲ್ಲಿ ದಿನಾ ಹೇಳುತ್ತಿದ್ದರು. ಅದೇ ರೂಢಿ ಎಲ್ಲ ಸ್ವರಕ್ಕೂ ಹಬ್ಬಿ, ಆರಿಹೋಗುವ ನನ್ನ ಸ್ವರ ಆಗಿತ್ತು. ವಾದ್ಯದ ಕೊರತೆಯನ್ನು ಮುಚ್ಚಲು ಕಲಿತದ್ದೇ ಒಬ್ಬರು ಕತ್ತಲೆಯಲ್ಲಿ ನನ್ನನ್ನು ಗುರುತು ಹಿಡಿಯುವ ಕುರುಹಾಗಿದೆ. ಗಂಗೂಬಾಯಿಯವರ ದನಿ ನೆನಪಾಗಿದ್ದು ಆಗ. ಅವರ ಸಾಲಿನಲ್ಲಿ ನಾನು ನಿಲ್ಲುವವನಲ್ಲ, ಆದರೆ ದಾರಿ ಅರ್ಥವಾಯಿತು. ಇನ್ನೊಂದು ಮಾತೂ ಅರ್ಥವಾಯಿತು. ಜನ ಮೆಚ್ಚುತ್ತಿದ್ದ ನನ್ನ ಆ ಸಾಲು ಹೋಗಿ ಹೋಗಿ ನಿಲ್ಲುತ್ತಿದ್ದದ್ದು ಪೇಟಿಗೆ ಎಲ್ಲಕ್ಕಿಂತ ಕಷ್ಟದ ಸ್ವರದ ಮೇಲೆ!

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ಹೇಳಲು ಬರುವುದಿಲ್ಲ. ಈ ನಡುವೆ ನಾನು ಇನ್ನೊಂದು ತಪ್ಪು ಮಾಡಿದ್ದೆ. ಆ ಸಾಲು ಬಿಟ್ಟ ಹುರುಪಿನಲ್ಲಿ ನನ್ನದು ಅನ್ನುವುದನ್ನೆಲ್ಲ ಬಿಡಲು ಹೊರಟೆ. ಕಿರಾಣಾ ಘರಾಣೆಯವರ ಜೊತೆ ಕೂತರೆ ಕಿರಾಣಾ, ಗ್ವಾಲಿಯರ್‌ನವರ ಜೊತೆ ಕೂತರೆ ಗ್ವಾಲಿಯರ್. ಗಾಯಕರ ನೆರಳಿನ ಹಾಗೆ ಹೋಗಬೇಕು, ಅದೇ ಒಳ್ಳೆಯ ಸಾಥ್ ಅಂದುಕೊಂಡೆ. ಕರೆಗಳು ಜಾಸ್ತಿ ಆದವು. ಆಮೇಲೆ ಹಾವೇರಿಯಲ್ಲಿ ಒಂದು ಸೋಲೋ ಕೊಟ್ಟರು, ಒಂದು ತಾಸು. ಮಧುವಂತಿ ರಾಗ ಹಿಡಿದೆ. ಹತ್ತು ನಿಮಿಷಕ್ಕೆ ನನ್ನ ಹತ್ತಿರ ಮಾತು ಮುಗಿಯಿತು. ನೆರಳಿಗೆ ಮುಂದೆ ನಡೆಯುವವರೇ ಇಲ್ಲ. ಯಾರ್ಯಾರದೋ ಸಾಲುಗಳು ಒಂದೊಂದಾಗಿ ಬಂದು ಹೋದವು. ಜನ ಎದ್ದು ಹೋಗಲಿಲ್ಲ, ಹಾವೇರಿಯವರು ಮರ್ಯಾದಸ್ಥರು. ಆದರೆ ಯಾರೂ ಕೇಳುತ್ತಿಲ್ಲ ಅನ್ನುವುದು ನುಡಿಸುವವನಿಗೆ ಗೊತ್ತಾಗುತ್ತದೆ.

ಧಾರವಾಡದ ಬಸವರಾಜ ರಾಜಗುರುಗಳ ಗಾಯನವನ್ನು ಮತ್ತೆ ಹಚ್ಚಿ ಕೇಳಿದ್ದು ಆ ಸೋಲಿನ ಮೇಲೆ. ಅವರಷ್ಟು ಗುರುಗಳ ಹತ್ತಿರ, ಅವರಷ್ಟು ಬಗೆ ಕಲಿತವರು ನಮ್ಮಲ್ಲಿ ಕಡಿಮೆ. ಖ್ಯಾಲ್, ಠುಮರಿ, ನಾಟ್ಯಗೀತೆ, ವಚನ ಎಲ್ಲವನ್ನೂ ಹಾಡಿದರು. ಅಷ್ಟು ಕಡೆಯಿಂದ ತಂದರೂ ಅವರ ದನಿಯೊಳಗೆ ಬಂದ ಮೇಲೆ ಅದು ಅವರದೇ. ತರುವುದು ತಪ್ಪಲ್ಲ. ನಾನು ತಂದದ್ದನ್ನು ಒಂದು ದಿನವೂ ಒಳಗೆ ಇಟ್ಟುಕೊಂಡಿರಲಿಲ್ಲ.

ಹಾಗಾಗಿ ಈಗ ಬೇರೆ ರೀತಿ ಅಭ್ಯಾಸ ಮಾಡುತ್ತೇನೆ. ಯಾವ ಬಂದಿಶ್ ಆದರೂ ಮೊದಲು ಪೇಟಿ ಮುಚ್ಚಿಟ್ಟು, ತಂಬೂರಿ ಹಚ್ಚಿ ಹಾಡಿಕೊಳ್ಳುತ್ತೇನೆ. ನನ್ನ ಗಂಟಲು ಒಳ್ಳೆಯದಲ್ಲ, ಆದರೂ ಹಾಡಿದಾಗ ಮಾತ್ರ ಎಲ್ಲಿ ನಿಲ್ಲಬೇಕು ಅಂತ ಗಂಟಲಿಗೆ ಗೊತ್ತಾಗುತ್ತದೆ. ಬೆರಳಿಗೆ ಅದು ಗೊತ್ತಾಗುವುದಿಲ್ಲ, ಅದಕ್ಕೆ ಎಲ್ಲ ಮನೆಯೂ ಒಂದೇ. ಎರಡನೆಯದು, ಒಂದೇ ಸ್ವರಗಳಿರುವ ರಾಗಗಳನ್ನು ಒಟ್ಟಿಗೆ ಕೂರಿಸಿ ನುಡಿಸುತ್ತೇನೆ. ಭೂಪ, ದೇಶಕಾರ ಒಂದು ಜೋಡಿ. ಮಾರ್ವಾ, ಪೂರಿಯಾ, ಸೋಹನಿ ಇನ್ನೊಂದು ಗುಂಪು. ಅರ್ಧ ತಾಸು ಮಾರ್ವಾ, ನಡುವೆ ನಿಲ್ಲಿಸದೆ ಅರ್ಧ ತಾಸು ಪೂರಿಯಾ, ಆಮೇಲೆ ಮೇಲಿನ ಸಪ್ತಕದಲ್ಲಿ ಸೋಹನಿ. ಎಲ್ಲವನ್ನೂ ಫೋನಿನಲ್ಲಿ ಹಿಡಿದು ಮರುದಿನ ಕೇಳುತ್ತೇನೆ, ಅದೇ ದಿನ ಕೇಳಿದರೆ ಕಿವಿ ನಮ್ಮ ಪರವಾಗಿಯೇ ಇರುತ್ತದೆ. ಮೂರರಲ್ಲೂ ಯಾವುದಾದರೂ ಒಂದು ಸಾಲು ಬದಲಾಗದೆ ಬಂದಿದ್ದರೆ ಅದಕ್ಕೆ ಗೀಟು. ತಿದಿಯ ಕೈಯನ್ನು ಮಾತ್ರ ಮುಟ್ಟಲು ಹೋಗಿಲ್ಲ. ಅದು ಮಾರ್ವಾದ ರಿಷಭದ ಮೇಲೂ ಆರುತ್ತದೆ, ಪೂರಿಯಾದ ನಿಷಾದದ ಮೇಲೂ ಆರುತ್ತದೆ, ಎರಡು ಕಡೆಯೂ ಬೇರೆ ಬೇರೆ ಕೇಳುತ್ತದೆ.

ಕಳೆದ ವರ್ಷದಿಂದ ರಾಣೆಬೆನ್ನೂರಿನ ಒಬ್ಬ ಹುಡುಗಿ ಕಲಿಯಲು ಬರುತ್ತಿದ್ದಾಳೆ, ವಾರಕ್ಕೆ ಎರಡು ದಿನ. ಒಳ್ಳೆಯ ಕೈ. ಮೊನ್ನೆ ಅವಳು ಯಮನ್ ನುಡಿಸುವಾಗ ಆ ಸಾಲು ಬಂತು. ಏರಿತು, ಗಾಂಧಾರದ ಮೇಲೆ ನಿಂತಿತು, ಇಳಿಯಿತು. ನಾನು ಅವಳಿಗೆ ಅದನ್ನು ಕಲಿಸಿಲ್ಲ. ಯಾವುದೋ ಹಳೆಯ ಧ್ವನಿಮುದ್ರಣ ಕೇಳಿ ಎತ್ತಿಕೊಂಡಿದ್ದಾಳೆ. "ಇದು ನಿಮ್ಮ ಜಾಗಾ ಅಲ್ಲೇನ್ರಿ ಸರ್" ಅಂತ ಖುಷಿಯಿಂದ ಹೇಳಿದಳು.

ಬಿಡು ಅಂತ ನಾನು ಹೇಳಲಿಲ್ಲ. ದೇಶಕಾರ ಹಚ್ಚು ಅಂದೆ. ನಾಲ್ಕು ಸಾಲು ನುಡಿಸಿದಳು, ಐದನೆಯದಕ್ಕೆ ಆ ಕಡೆ ಹೋಗಿ, ಗಾಂಧಾರದ ಮೇಲೆ ಬೆರಳು ಇಟ್ಟು, ನಿಂತಳು. ನನ್ನ ಮುಖ ನೋಡಿದಳು. ಇನ್ನೊಮ್ಮೆ ಕೇಳು ಅಂತ ತಂಬೂರಿಯ ದನಿ ಜಾಸ್ತಿ ಮಾಡಿದೆ. ಬೆರಳು ಎತ್ತಿ, ಪಂಚಮ ದಾಟಿ, ಧೈವತಕ್ಕೆ ಹೋದಳು.